ಗುಂಡಿ ಟೀಚರ ಡಬ್ಬಿ

ಮುಖ್ಯೋಪಾಧ್ಯಾಯರು ಒಳಗೆ ಬಂದರು. ಏಳನೇ ತರಗತಿಯ ಮಕ್ಕಳೆಲ್ಲ ದಡದಡ ಎದ್ದು ನಿಂತರು. ಕಡೇ ಬೆಂಚಿನಲ್ಲಿ ಕೂತಿದ್ದ ವಿಧಾನದ ಮೇಷ್ಟ್ರೂ ಮರ್ಯಾದೆಗೆಂದು ಎದ್ದರು. ಅವರ ಜೊತೆಗೆ ಬೆಂಚೂ ಎದ್ದಿತು.

ಬೆಂಚು, ಡೆಸ್ಕು ಎರಡನ್ನೂ ಒಂದೇ ಚೌಕಟ್ಟಿಗೆ ಬಿಗಿದು, ಹನ್ನೆರಡು ವರ್ಷದ ಮಕ್ಕಳ ಅಳತೆಗೆ ಮಾಡಿಸಿದ ಸಾಮಾನು ಅದು. ಮೇಷ್ಟ್ರು ವಿಶ್ವವಿದ್ಯಾಲಯದವರು. ಪದವಿ ಏರಿದಂತೆಲ್ಲ ಅವರ ಹೊಟ್ಟೆಯೂ ತನ್ನ ಪಾಲಿನ ಬಡ್ತಿ ಪಡೆಯುತ್ತಾ ಬಂದಿತ್ತು. ಕೂರುವಾಗ ಉಸಿರು ಬಿಗಿಹಿಡಿದು ಹೇಗೋ ತೂರಿಕೊಂಡಿದ್ದರು. ಕೂತ ಮೇಲೆ ಮನುಷ್ಯ ಉಸಿರು ಬಿಡಲೇಬೇಕಲ್ಲ. ಬಿಟ್ಟರು, ಹೊಟ್ಟೆ ತನ್ನ ಜಾಗಕ್ಕೆ ಬಂತು, ಡೆಸ್ಕು ಅವರನ್ನು ತಬ್ಬಿಕೊಂಡಿತು. ಈಗ ಅವರು ಅರ್ಧ ಬಗ್ಗಿ, ಬೆನ್ನಿಗೆ ಬೆಂಚು, ಎದುರಿಗೆ ಡೆಸ್ಕು ಹೊತ್ತುಕೊಂಡು ಆಮೆಯಂತೆ ನಿಂತಿದ್ದರು. ಮುಖ್ಯೋಪಾಧ್ಯಾಯರು ಸಂಭಾವಿತರು. ಸೂರಿನ ಕಡೆ ನೋಡಿ, "ಸುಣ್ಣ ಚೆನ್ನಾಗಿ ಬಳಿದಿದಾರೆ" ಎಂದು ಹೇಳಿ ಹೊರಟುಹೋದರು.

ಕಿಟಕಿಯ ಪಕ್ಕದ ಕುರ್ಚಿಯಿಂದ ತರಗತಿಯ ಟೀಚರು ಎದ್ದು ಬಂದರು. ಸಣ್ಣ ಆಳ್ತನದ, ಐವತ್ತು ದಾಟಿದ ಹೆಂಗಸು. ಯಾರೋ ತಮ್ಮ ಮನೆಯ ದೀಪವನ್ನು ಬೇಕೆಂದೇ ಒಡೆದಿದ್ದಾರೆ ಎಂಬಂಥ ಮುಖ.

"ಎಡಗಾಲು ಮೊದಲು ಸರ್. ಆಮೇಲೆ ಹೊಟ್ಟೆ" ಎಂದರು.

"ಏನು?"

"ಹಿಂದಿನ ಸಾಹೇಬ್ರು ಬಲಗಾಲು ಮೊದಲು ತೆಗೆಯೋಕೆ ಹೋದ್ರು. ಕೊನೆಗೆ ಬಡಗಿ ಬರಬೇಕಾಯ್ತು."

ಮೇಷ್ಟ್ರು ಎಡಗಾಲು ತೆಗೆದರು, ಉಸಿರು ಎಳೆದರು, ಹೊರಗೆ ಬಂದರು. ಬೆವರು ಒರೆಸಿಕೊಳ್ಳುವಾಗ ಅವರಿಗೆ ಒಂದು ಸಂಗತಿ ಹೊಳೆಯಿತು: ಇಷ್ಟೆಲ್ಲ ಆದರೂ ತರಗತಿಯಲ್ಲಿ ಒಂದು ಮಗುವೂ ನಕ್ಕಿರಲಿಲ್ಲ. ತುಟಿ ಕೂಡ ಅಲುಗಾಡಿಸದೆ ಗೋಡೆಗೆ ಹೊಡೆದ ಮೊಳೆಗಳ ಹಾಗೆ ನಿಂತಿದ್ದವು. ಯಾವ ದೇಶದ ಮಕ್ಕಳಯ್ಯ ಇವು ಎಂದುಕೊಳ್ಳುವಷ್ಟರಲ್ಲಿ ಟೀಚರು ಕುರ್ಚಿಗೆ ಮರಳಿ, ತೊಡೆಯ ಮೇಲೊಂದು ತಗಡಿನ ಡಬ್ಬಿ ಇಟ್ಟುಕೊಂಡು ಒಳಗೆ ಕೈ ಹಾಕಿ ಗಲಗಲ ಎಂದು ಏನನ್ನೋ ಹುಡುಕತೊಡಗಿದರು. ಆ ಕ್ಷಣವೇ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅಭ್ಯಾಸದ ಪಾಠ ಮಾಡಲು ವಿಶ್ವವಿದ್ಯಾಲಯದಿಂದ ಬಂದು ಕಪ್ಪುಹಲಗೆಯ ಮುಂದೆ ನಿಂತಿದ್ದ ಹುಡುಗಿಯೂ ಕೆಮ್ಮು ಬಂದವಳಂತೆ ಹಲಗೆಯತ್ತ ತಿರುಗಿಕೊಂಡಳು.

ಡಬ್ಬಿ ನಿಂತಿತು. ನಗುವೂ ನಿಂತಿತು.

ಮಕ್ಕಳು ನಕ್ಕಿದ್ದಕ್ಕೆ ಮೇಷ್ಟ್ರಿಗೆ ಅಷ್ಟು ಬೇಸರವಿರಲಿಲ್ಲ. ಅಪ್ಪಣೆ ಸಿಕ್ಕ ಮೇಲೆ ನಕ್ಕರಲ್ಲ, ಅದು ಎದೆಗೆ ನಾಟಿತು.

ಇವರನ್ನು ವಿಧಾನದ ಮೇಷ್ಟ್ರು ಎಂದು ಕರೆಯುವುದು ಅವರ ವಿದ್ಯಾರ್ಥಿಗಳು, ಅದೂ ಬೆನ್ನ ಹಿಂದೆ. ಮುಂದೆ ಮೇಷ್ಟ್ರಾಗಲಿರುವವರಿಗೆ ಪಾಠ ಮಾಡುವ ವಿಧಾನವನ್ನು ಕಲಿಸುವುದು ಅವರ ಕೆಲಸ. ಮಕ್ಕಳ ಕುತೂಹಲವನ್ನು ಕೆರಳಿಸುವುದು ಹೇಗೆ, ಗಲಾಟೆಯನ್ನು ಅಡಗಿಸುವುದು ಹೇಗೆ, ಪ್ರಶ್ನೆಯನ್ನು ಯಾವ ಎತ್ತರದಿಂದ ಎಸೆಯಬೇಕು, ಎಲ್ಲದಕ್ಕೂ ಅವರ ಬಳಿ ಉಪನ್ಯಾಸವಿತ್ತು. ಪಾಠಯೋಜನೆಗೆ ಐದು ಅಂಕಣ ಇರಬೇಕೆಂದು ಕಂಡುಹಿಡಿದವರೂ ಅವರೇ. ನಾಲ್ಕನೆಯದು 'ಮಕ್ಕಳಿಂದ ನಿರೀಕ್ಷಿತ ಉತ್ತರ'. ಮೇಷ್ಟ್ರಾಗುವವನು ಇಂಥ ಪ್ರಶ್ನೆ ಕೇಳಿದರೆ ಮಕ್ಕಳು ಇಂಥದ್ದೇ ಹೇಳುತ್ತಾರೆ ಎಂದು ಹಿಂದಿನ ದಿನವೇ ಬರೆದಿಟ್ಟುಕೊಳ್ಳಬೇಕು. ಮಕ್ಕಳು ಬೇರೇನಾದರೂ ಹೇಳಿದರೆ ಅಂಕ ಕಡಿಮೆ. ಇಷ್ಟೆಲ್ಲ ತಿಳಿದ ಮೇಷ್ಟ್ರು ಜೀವಮಾನದಲ್ಲಿ ಮಕ್ಕಳಿಗೆ ಒಂದು ಪಾಠವನ್ನೂ ಮಾಡಿರಲಿಲ್ಲ. ಸ್ವಂತ ಮಗನಿಗೆ ಒಮ್ಮೆ ಭಾಗಾಕಾರ ಹೇಳಿಕೊಡಲು ಕೂತಿದ್ದರು. ಅವನು ಅವತ್ತಿನಿಂದ ಚಿಕ್ಕಮ್ಮನ ಮನೆಗೆ ಹೋಗಿ ಲೆಕ್ಕ ಕಲಿಯುತ್ತಿದ್ದ.

ಪ್ರತಿ ವರ್ಷ ವಿಶ್ವವಿದ್ಯಾಲಯ ತನ್ನ ಮರಿ ಮೇಷ್ಟ್ರುಗಳನ್ನು ಈ ಶಾಲೆಗೆ ಪಾಠಾಭ್ಯಾಸಕ್ಕೆ ಕಳಿಸುತ್ತದೆ. ಅವರು ಮುಂದೆ ನಿಂತು ಪಾಠ ಮಾಡುತ್ತಾರೆ. ಹಿಂದೆ ಇಬ್ಬರು ಕೂತು ನೋಡಬೇಕೆಂಬುದು ನಿಯಮ: ವಿಶ್ವವಿದ್ಯಾಲಯದಿಂದ ಬಂದ ವೀಕ್ಷಕರು, ಮತ್ತು ತರಗತಿಯ ಟೀಚರು. ಹಳೆಯ ವೀಕ್ಷಕರು ನಿವೃತ್ತರಾದ್ದರಿಂದ ಈ ವರ್ಷ ಆ ಬೆಂಚು ನಮ್ಮ ಮೇಷ್ಟ್ರ ಪಾಲಿಗೆ ಬಂದಿತ್ತು. ಟೀಚರಂತೂ ಕಪ್ಪು ಕೂದಲಿನ ಕಾಲದಿಂದ ಅದೇ ಕುರ್ಚಿಯಲ್ಲಿದ್ದರು. ಪಾಠ ನಡೆಯುವಾಗ ಅವರು ಮಕ್ಕಳ ಅಂಗಿಗಳ ಕಿತ್ತುಹೋದ ಗುಂಡಿ ಹೊಲಿಯುತ್ತಾ ಕೂರುತ್ತಿದ್ದರು. ಅದಕ್ಕೇ ಶಾಲೆಯಲ್ಲಿ ಅವರ ಹೆಸರು ಗುಂಡಿ ಟೀಚರು. ಡಬ್ಬಿಯಲ್ಲಿದ್ದದ್ದೂ ಗುಂಡಿಗಳೇ.

"ಬರೀ ಗುಂಡಿ ಅಂತ ಹೇಗೆ ನಂಬೋದು?" ಎಂದು ಮೇಷ್ಟ್ರು ಮನೆಯಲ್ಲಿ ಕೇಳಿದರು.

ಹೆಂಡತಿ ಬಟ್ಟೆ ಮಡಚುತ್ತಿದ್ದರು. "ಇನ್ನೇನು ಇರುತ್ತೇರೀ ಅದರಲ್ಲಿ?"

"ಅದು ಸನ್ನೆ. ಗಲಗಲ ಅಂದ್ರೆ ನಗಬೇಕು. ನಿಂತ್ರೆ ನಿಲ್ಲಿಸಬೇಕು. ನಾನು ಕಣ್ಣಾರೆ ನೋಡಿದೀನಿ."

"ಹೋದ ತಿಂಗಳು ಪೇಪರ್ ಹಾಕೋನು ನಮಗೆ ಮಾತ್ರ ಓದಿರೋ ಪೇಪರ್ ಹಾಕ್ತಾನೆ ಅಂತಿದ್ರಿ. ಆಮೇಲೆ ನೋಡಿದ್ರೆ ಬೆಳಿಗ್ಗೆ ಎದ್ದು ಓದಿ ಮಡಚಿಡ್ತಿದ್ದೋರು ನಮ್ಮಪ್ಪ."

"ಮಾವನವರ ವಿಷಯ ಬೇರೆ."

"ನಿಮ್ಮ ಅನುಮಾನ ಮಾತ್ರ ಒಂದೇ."

ಅನುಮಾನ ಒಂದೇ ಆದರೂ ಅದಕ್ಕೆ ಮೇವು ಬೇಕಾದಷ್ಟು ಸಿಗುತ್ತಿತ್ತು. ಮುಂದಿನ ವಾರವೆಲ್ಲ ಮೇಷ್ಟ್ರು ಪಾಠ ನೋಡುವುದನ್ನು ಬಿಟ್ಟು ಡಬ್ಬಿಯನ್ನು ಕೇಳಿದರು. ಡಬ್ಬಿ ಸುಮ್ಮನಿದ್ದಾಗ ಮಕ್ಕಳೂ ಸುಮ್ಮನೆ. ಡಬ್ಬಿ ಗಲಗಲ ಎಂದರೆ ಸಾಕು, ಒಂದು ಕೈ ಮೇಲೇಳುತ್ತಿತ್ತು, ಅದರ ಹಿಂದೆ ಇನ್ನೊಂದು. ಪ್ರಶ್ನೆಗಳು ಬರುತ್ತಿದ್ದವು. ಹುಡುಗನೊಬ್ಬ ತನಗೆ ಅರ್ಥವಾಗಲಿಲ್ಲ ಎಂದು ಒಪ್ಪಿಕೊಂಡುಬಿಟ್ಟ. ನಿಜವಾದ ಮಕ್ಕಳು ಎಲ್ಲಾದರೂ ಹೀಗೆ ಮಾಡುವುದುಂಟೇ? ಮೇಷ್ಟ್ರ ಇಷ್ಟು ವರ್ಷದ ಸೇವೆಯಲ್ಲಿ ಅವರ ಯಾವ ವಿದ್ಯಾರ್ಥಿಯೂ ಅವರಿಗೆ ಹಾಗೆ ಹೇಳಿರಲಿಲ್ಲ.

ಅದಕ್ಕಿಂತ ವಿಚಿತ್ರವಾದದ್ದನ್ನು ಗುರುವಾರ ನೋಡಿದರು. ಟೀಚರ ಮಡಿಲಲ್ಲಿ ಒಂದು ನೀಲಿ ಅಂಗಿ. ಅದಕ್ಕೆ ಎಲ್ಲ ಗುಂಡಿಗಳೂ ಗಟ್ಟಿಯಾಗಿಯೇ ಇದ್ದವು. ಟೀಚರು ಸಣ್ಣ ಕತ್ತರಿ ತೆಗೆದು, ಚೆನ್ನಾಗಿದ್ದ ಗುಂಡಿಯೊಂದನ್ನು ಕಚಕ್ಕನೆ ಕತ್ತರಿಸಿ ಡಬ್ಬಿಗೆ ಹಾಕಿದರು. ಆಮೇಲೆ ಡಬ್ಬಿಯನ್ನೆಲ್ಲ ತಡಕಾಡಿ ಅದೇ ಗುಂಡಿಯನ್ನು ಹುಡುಕಿ ತೆಗೆದು, ಸೂಜಿಗೆ ದಾರ ಪೋಣಿಸಿ, ಅದೇ ಜಾಗಕ್ಕೆ ಹೊಲಿದರು.

ಗಟ್ಟಿ ಗುಂಡಿ ಕತ್ತರಿಸಿ ಮತ್ತೆ ಹೊಲಿಯುವವರು ಏನು ಬೇಕಾದರೂ ಮಾಡಿಯಾರು.

ಇಷ್ಟಾದರೂ ಅವರು ಸುಮ್ಮನಿರುತ್ತಿದ್ದರೇನೋ, ನಡುವೆ ಕಂಡಕ್ಟರನ ಸಂಗತಿ ಇಲ್ಲದಿದ್ದರೆ.

ಕಂಡಕ್ಟರ್ ಆ ವರ್ಷದ ಮರಿ ಮೇಷ್ಟ್ರುಗಳಲ್ಲಿ ಎಲ್ಲರಿಗಿಂತ ಹಿರಿಯ. ಮೊದಲು ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ. ಮೇಷ್ಟ್ರಾಗುವ ಆಸೆಗೆ ಆ ಕೆಲಸ ಬಿಟ್ಟು ಬಂದಿದ್ದ. ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ತರಗತಿಗೆ ಕಾಲಿಟ್ಟರೆ ಮೊದಲು ತಲೆ ಎಣಿಸುತ್ತಿದ್ದ, ಬಾಗಿಲ ಹತ್ತಿರ ನಿಂತ ಮಕ್ಕಳಿಗೆ "ಒಳಗೆ ಬನ್ನಿ, ಒಳಗೆ ಜಾಗ ಇದೆ" ಎನ್ನುತ್ತಿದ್ದ. ಹೋದ ವರ್ಷ ಇದೇ ತರಗತಿಯಲ್ಲಿ ಪರೀಕ್ಷೆಯೆಂದೇ ಲೆಕ್ಕವಾಗುವ ಅವನ ಕೊನೆಯ ಪಾಠ ಮಕಾಡೆ ಬಿದ್ದು ನಪಾಸಾಗಿತ್ತು. ಈ ಸಲವೂ ಬಿದ್ದರೆ ವಿಶ್ವವಿದ್ಯಾಲಯ ಅವನ ಹೆಸರನ್ನೇ ತೆಗೆದುಹಾಕುತ್ತಿತ್ತು. ಬಸ್ಸಿನಲ್ಲಿ ಅವನ ಜಾಗಕ್ಕೆ ಆಗಲೇ ಬೇರೆಯವನು ಬಂದಿದ್ದ.

ಶಾಲೆಯ ಎದುರಿನ ಟೀ ಅಂಗಡಿಯಲ್ಲಿ ಮೇಷ್ಟ್ರು ಅವನನ್ನು ಮೆಲ್ಲಗೆ ಕೆದಕಿದರು.

"ಹೋದ ವರ್ಷ ಏನಾಯ್ತಪ್ಪ?"

"ಏನೂ ಆಗಲಿಲ್ಲ ಸರ್. ಅದೇ ತೊಂದರೆ ಆಗಿದ್ದು. ನಾನು ಪ್ರಶ್ನೆ ಕೇಳ್ತೀನಿ, ಒಂದು ಕೈಯೂ ಏಳಲ್ಲ. ಖಾಲಿ ಬಸ್ಸಲ್ಲಿ ಟಿಕೆಟ್ ಟಿಕೆಟ್ ಅಂತ ಕೂಗಿದ ಹಾಗಾಯ್ತು."

"ಟೀಚರ ಡಬ್ಬಿ?"

"ಡಬ್ಬಿ ಕಿಟಕಿ ಮೇಲಿತ್ತು ಸರ್. ಅವತ್ತು ಅವರು ಮುಟ್ಟಲೇ ಇಲ್ಲ. ಕೈ ಕಟ್ಟಿ ನನ್ನನ್ನೇ ನೋಡ್ತಾ ಕೂತಿದ್ರು."

ಮೇಷ್ಟ್ರು ಲೋಟ ಕೆಳಗಿಟ್ಟರು. "ಅವರಿಗೂ ನಿಮಗೂ ಹಿಂದೆ ಏನಾದರೂ ಮಾತು ಬಂದಿತ್ತಾ?"

ಕಂಡಕ್ಟರ್ ತಲೆ ಕೆರೆದುಕೊಂಡ. "ಬಸ್ಸಲ್ಲಿದ್ದಾಗ ಒಂದ್ಸಲ ಸ್ಟಾಪಿಲ್ಲದ ಕಡೆ ಇಳಿಸು ಅಂದ್ರು. ರೂಲ್ಸ್ ಇಲ್ಲ ಮೇಡಂ ಅಂದೆ. ಮುಂದಿನ ಸ್ಟಾಪ್‌ವರೆಗೂ ನನ್ನನ್ನ ಒಂದು ಥರಾ ನೋಡಿದ್ರು ಸರ್. ಇವತ್ತಿಗೂ ನೆನಪಿದೆ."

ಎಲ್ಲ ಕೂಡಿಬಂತು. ಬೇಕಾದವರಿಗೆ ಡಬ್ಬಿ ಆಡಿಸುವುದು, ಬೇಡದವರಿಗೆ ನಿಲ್ಲಿಸುವುದು. ಮೇಷ್ಟ್ರನ್ನು ಮಾಡುವುದೂ ಮುರಿಯುವುದೂ ವಿಶ್ವವಿದ್ಯಾಲಯವಲ್ಲ, ಒಂದು ತಗಡಿನ ಡಬ್ಬಿ.

"ಈ ಸಲ ಪಾಸಾಗ್ತೀನಾ ಸರ್?" ಎಂದ ಕಂಡಕ್ಟರ್. "ನಮ್ಮತ್ತೆ ಬೀದಿಗೆಲ್ಲ ಹೇಳ್ಕೊಂಡು ಬಂದಿದಾರೆ, ಅಳಿಯ ಮೇಷ್ಟ್ರಾಗ್ತಾನೆ ಅಂತ. ಫೇಲಾದ್ರೆ ನಾನು ಬೇರೆ ಬೀದಿ ಹುಡುಕಬೇಕು, ಅಷ್ಟೆ."

"ನಾನಿದ್ದೀನಲ್ಲ" ಎಂದರು ಮೇಷ್ಟ್ರು. ಹಾಗೆ ಹೇಳಿದವರಿಂದ ಯಾರಿಗೂ ಒಳ್ಳೆಯದಾದ ಉದಾಹರಣೆ ಅವರಿಗೆ ಆಗ ನೆನಪಾಗಲಿಲ್ಲ.

ಕಂಡಕ್ಟರನ ಕೊನೆಯ ಪಾಠದ ದಿನ ಮೇಷ್ಟ್ರು ಎಲ್ಲರಿಗಿಂತ ಮುಂಚೆ ತರಗತಿಗೆ ಬಂದರು. ಕಿಟಕಿಯ ಮೇಲೆ ಡಬ್ಬಿ ಇತ್ತು. ಅತ್ತಿತ್ತ ನೋಡಿದರು. ವಿಶ್ವವಿದ್ಯಾಲಯದ ವಿಭಾಗವೊಂದರಲ್ಲಿ ಹಿರಿಯರೆನಿಸಿಕೊಂಡ, ಸಭೆಗಳಲ್ಲಿ ಮೌಲ್ಯಗಳ ಬಗ್ಗೆ ಮಾತಾಡುವ ಆ ಮನುಷ್ಯ, ಡಬ್ಬಿಯನ್ನು ಎತ್ತಿ ತಮ್ಮ ಚರ್ಮದ ಚೀಲಕ್ಕೆ ಹಾಕಿ ಜಿಪ್ ಎಳೆದರು. ಆಮೇಲೆ, ಬರುವಾಗ ಎಡಗಾಲು ಮೊದಲಾದರೆ ಹೋಗುವಾಗ ಅದೇ ಕೊನೆಗೆ ಎಂದು ಲೆಕ್ಕ ಹಾಕಿ ಬೆಂಚಿನೊಳಗೆ ತೂರಿ, ಚೀಲವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ಅವರ ಲೆಕ್ಕಾಚಾರ ಸರಳವಾಗಿತ್ತು. ಸನ್ನೆ ಇಲ್ಲದಿದ್ದರೆ ಮಕ್ಕಳು ನಿಜವಾದ ಮಕ್ಕಳಾಗುತ್ತಾರೆ, ಪಾಠ ನಿಜವಾದ ಪಾಠವಾಗುತ್ತದೆ.

ಟೀಚರು ಬಂದರು. ಕಿಟಕಿ ನೋಡಿದರು, ಕುರ್ಚಿಯ ಕೆಳಗೆ ನೋಡಿದರು, ಒಂದು ಸಲ ಮೇಷ್ಟ್ರನ್ನೂ ನೋಡಿದರು. ಕೈ ಕಟ್ಟಿ ಕೂತು ಮುಖವನ್ನು ತರಗತಿಯ ಕಡೆ ತಿರುಗಿಸಿದರು.

ಕಂಡಕ್ಟರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ತಲೆ ಎಣಿಸಿದ. ಪಾಠ ನೀರಾವಿಯದು. ಯೋಜನೆಯಲ್ಲಿದ್ದಂತೆ ಒದ್ದೆ ಬಟ್ಟೆ ತೋರಿಸಿ ಕೇಳಿದ, "ಈ ಬಟ್ಟೆ ಒಣಗಿದಾಗ ನೀರು ಎಲ್ಲಿ ಹೋಗುತ್ತೆ?"

ಒಂದು ಕೈಯೂ ಏಳಲಿಲ್ಲ.

"ಯಾರಾದ್ರೂ ಹೇಳಬಹುದು. ತಪ್ಪಾದ್ರೂ ಪರವಾಗಿಲ್ಲ."

ಮಕ್ಕಳು ಫೋಟೋಗೆ ಕೂತವರಂತೆ ಕೂತಿದ್ದರು. ಕಂಡಕ್ಟರ್ ಎರಡನೇ ಪ್ರಶ್ನೆಗೆ ಹೋದ, ಮೂರನೆಯದಕ್ಕೂ ಹೋದ. ಹಣೆಯ ಮೇಲೆ ಬೆವರು ಕಾಣಿಸಿತು. ಹಿಂದಕ್ಕೆ ನೋಡಿದ, ಅಲ್ಲಿ ಟೀಚರ ಮುಖ ಕಂಡಿತು. ಒದ್ದೆ ಬಟ್ಟೆಯನ್ನು ಸುಮ್ಮನೆ ಇನ್ನೊಮ್ಮೆ ಹಿಂಡಿದ. ನಿಜವಾದ ಪಾಠ ಎಂದರೆ ಇದೇ ಆಗಿದ್ದರೆ, ಅದು ನೋಡಲಾಗುವಂಥದ್ದಾಗಿರಲಿಲ್ಲ. ಮೇಷ್ಟ್ರಿಗೆ ಆ ಬಡಪಾಯಿಯ ಅತ್ತೆಯ ಮುಖ, ತಾವು ನೋಡಿಯೇ ಇರದ ಮುಖ, ಕಣ್ಣ ಮುಂದೆ ಬಂತು. ಹೋದ ವರ್ಷ ಅವನನ್ನು ಕೆಡವಿದ್ದು ಟೀಚರಾದರೆ ಈ ವರ್ಷ ಕೆಡವುತ್ತಿರುವುದು ಯಾರು? ಡಬ್ಬಿ ಇರುವುದು ಯಾರ ಚೀಲದಲ್ಲಿ?

ಕಸಿವಿಸಿಯಿಂದ ಮೇಷ್ಟ್ರು ಕಾಲು ಸರಿಸಿದರು. ಬಿಗಿದ ಡೆಸ್ಕಿಗೆ ಮೊಣಕಾಲು ತಾಗಿ ಚೀಲ ಕುಲುಕಿತು. ಗಲಗಲ.

ಮೂರನೇ ಸಾಲಿನ ಹುಡುಗಿ ಕೈ ಎತ್ತಿದಳು. "ಸರ್, ನೀರೆಲ್ಲ ಮೇಲೆ ಹೋದ್ರೆ ಸೋಪೂ ಹೋಗುತ್ತಾ?"

ಕಂಡಕ್ಟರನಿಗೆ ಹೋದ ಜೀವ ಬಂದಂತಾಯಿತು. "ಸೋಪು ಟಿಕೆಟ್ ತಗೊಂಡಿಲ್ಲಮ್ಮ. ಅದು ಬಟ್ಟೆಯಲ್ಲೇ ಉಳಿಯುತ್ತೆ."

ಮಕ್ಕಳು ನಗಲೋ ಬೇಡವೋ ಎಂಬಂತೆ ಇದ್ದರು. ಮೇಷ್ಟ್ರು ಉಸಿರು ಹಿಡಿದರು. ತನಿಖೆಯ ದೃಷ್ಟಿಯಿಂದ ಇನ್ನೊಮ್ಮೆ ನೋಡಬೇಕಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಮೊಣಕಾಲನ್ನು ಬೇಕೆಂದೇ ಆಡಿಸಿದರು. ಗಲಗಲ. ನಗು ಬಂತು, ಅದರ ಹಿಂದೆ ಕೈಗಳು. ನಿಲ್ಲಿಸಿದರು, ಕೈಗಳು ಇಳಿದವು. ಮತ್ತೆ ಆಡಿಸಿದರು. ಸನ್ನೆ ಎಂಬುದು ರುಜುವಾತಾಯಿತು. ತನಿಖೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದೆ ನಿಂತವನ ಮುಖಕ್ಕೆ ಬಣ್ಣ ಮರಳುತ್ತಿರುವುದು ಕಾಣುತ್ತಿತ್ತು, ಮೇಷ್ಟ್ರ ಕಾಲು ನಿಲ್ಲಲಿಲ್ಲ.

ಕಂಡಕ್ಟರ್ ಯೋಜನೆಯ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದ. "ಮಳೇಲಿ ಬಸ್ಸು ಹತ್ತಿದೀರಾ? ಜನ ತುಂಬಿದಾರೆ, ಕಿಟಕಿ ಎಲ್ಲ ಮುಚ್ಚಿದೆ. ಗಾಜು ಏನಾಗುತ್ತೆ?"

"ಮಂಜು ಹಿಡಿಯುತ್ತೆ ಸರ್. ನಾವು ಅದರ ಮೇಲೆ ಹೆಸರು ಬರೀತೀವಿ."

"ಬರೀತೀರ, ನಾನು ಬೈತಿದ್ದೆ. ಸರಿ, ಗಾಜಿನ ಒಳಗಡೆ ಇರೋ ಆ ನೀರು ಯಾರದು?"

ತರಗತಿ ಯೋಚಿಸಿತು. ಮೇಷ್ಟ್ರು ಜೋರಾಗಿ ಕುಲುಕಿದರು.

"ಮಳೇದು" ಎಂದಿತು ಒಂದು ದನಿ.

"ಕಿಟಕಿ ಮುಚ್ಚಿದೆಯಲ್ಲೋ."

ಮೂರನೇ ಸಾಲಿನ ಹುಡುಗಿ ಮತ್ತೆ ನಿಧಾನವಾಗಿ ಕೈ ಎತ್ತಿದಳು. "ನಮ್ಮದೇನಾ ಸರ್? ನಮ್ಮ ಉಸಿರು?"

"ನಿಮ್ಮದು, ನನ್ನದು, ಡ್ರೈವರದು, ಎಲ್ಲರದೂ."

ಇಡೀ ತರಗತಿ ಒಂದೇ ಸಲ "ಛೀ" ಎಂದಿತು. ಆಮೇಲೆ ಪಾಠವನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಮೇಷ್ಟ್ರ ಮೊಣಕಾಲು ನೋಯತೊಡಗಿದಾಗ ಅವರು ಸುಮ್ಮನಾದರು. ಮಕ್ಕಳು ಸುಮ್ಮನಾಗಲಿಲ್ಲ. ಗಂಟೆ ಹೊಡೆಯಿತು.

ನಾಲ್ಕನೇ ಅಂಕಣದಲ್ಲಿ ಸೋಪೂ ಇರಲಿಲ್ಲ, ಛೀಯೂ ಇರಲಿಲ್ಲ. ನಿಯಮದ ಪ್ರಕಾರ ಅಂಕ ಕಳೆಯಬೇಕಿತ್ತು. ಮೇಷ್ಟ್ರು ಪೆನ್ನು ಹಿಡಿದು ತಮ್ಮದೇ ಅಂಕಣವನ್ನು ಬಹಳ ಹೊತ್ತು ನೋಡಿದರು. ಯಾರೋ ಅಪರಿಚಿತರು ಮಾಡಿದ ಕೆಲಸದಂತೆ ಕಂಡಿತು. ಪಾಸು ಎಂದು ಬರೆದು, ಮನಸ್ಸು ಬದಲಾಗುವ ಮೊದಲೇ ಸಹಿ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನಿಗೆ ತಲೆಯಾಡಿಸಿದರು. ಅವನು ಒಂದು ಕ್ಷಣ ಗೋಡೆ ಹಿಡಿದುಕೊಂಡ. ಆಮೇಲೆ ಅತ್ತೆಗೆ ಫೋನು ಮಾಡಲು ಹೊರಗೆ ಓಡಿದ.

ಮಕ್ಕಳು ಆಟಕ್ಕೆ ಹೋದ ಮೇಲೆ ಮೇಷ್ಟ್ರು ಜಿಪ್ ತೆಗೆದು, ಬೆಂಚಿನಲ್ಲಿ ಕೂತಲ್ಲಿಂದಲೇ ಡಬ್ಬಿಯನ್ನು ಟೀಚರತ್ತ ಚಾಚಿದರು. ಕದ್ದ ಮಾಲನ್ನು ಹಿಂದಿರುಗಿಸುವಾಗಲೂ ಪೊಲೀಸರ ಮುಖ ಇಟ್ಟುಕೊಳ್ಳಲು ಸಾಧ್ಯ ಎಂದು ಅವರು ನಂಬಿದ್ದರು.

"ಇದು ನನ್ನ ಹತ್ರ ಇತ್ತು."

"ಕೇಳಿಸ್ತು ಸರ್."

"ಈಗ ನಿಜ ಹೇಳಿಬಿಡಿ. ಇದು ಸನ್ನೆ ತಾನೆ? ಮಕ್ಕಳಿಗೆ ನೀವು ಕಲಿಸಿಟ್ಟಿದ್ದು."

"ಅಲ್ಲ ಸರ್. ಇದು ನನ್ನ ಮುಖದ ದೆಸೆಯಿಂದ ಬಂದಿದ್ದು."

"ಮುಖ?"

ಟೀಚರು ಡಬ್ಬಿಯ ಮುಚ್ಚಳ ತೆಗೆದು ಗುಂಡಿಗಳೆಲ್ಲ ಇವೆಯೇ ಎಂದು ನೋಡಿದರು. "ನಾನು ಸುಮ್ನೆ ಕೂತ್ರೂ ಬೈಯೋ ಹಾಗೆ ಕಾಣ್ತೀನಂತೆ. ಹುಟ್ಟಿದಾಗಿಂದ ಹೀಗೇ. ಮದುವೆ ಫೋಟೋದಲ್ಲೂ ಹೀಗೇ ಇದೀನಿ, ನಮ್ಮನೆಯವರು ಇನ್ನೂ ಕೇಳ್ತಾರೆ ಅವತ್ತು ಏನು ಕೋಪ ಅಂತ. ನಾನು ಇಲ್ಲಿಗೆ ಬಂದ ಮೊದಲನೇ ವರ್ಷ ಟ್ರೈನಿಂಗ್ ಹುಡುಗಿ ಒಬ್ಬಳು ಪಾಠದ ಮಧ್ಯೆ ನನ್ನ ಮುಖ ನೋಡಿ ಅತ್ತುಬಿಟ್ಟು ಹೊರಗೆ ಹೋದ್ಲು. ವಾಪಸ್ ಬರಲೇ ಇಲ್ಲ. ನನಗೆ ಅವಳ ಪಾಠ ಇಷ್ಟ ಆಗಿತ್ತು ಸರ್."

ಮೇಷ್ಟ್ರು ಚೀಲದ ಜಿಪ್ ಎಳೆದು ಮುಚ್ಚಿದರು.

"ಅವತ್ತಿಂದ ತಲೆ ಬಗ್ಗಿಸಿ ಗುಂಡಿ ಹೊಲಿಯೋಕೆ ಶುರು ಮಾಡ್ದೆ. ಮಕ್ಕಳು ಹಿಂದೆ ತಿರುಗಿ ನೋಡೋ ಹಾಗಿಲ್ವಲ್ಲ. ಡಬ್ಬಿ ಶಬ್ದ ಬಂದ್ರೆ ಟೀಚರ್ ನೋಡ್ತಿಲ್ಲ ಅಂತ ಅವಕ್ಕೆ ಧೈರ್ಯ. ನಾನೇನೂ ಕಲಿಸಲಿಲ್ಲ, ಅವೇ ಕಂಡ್ಕೊಂಡ್ವು."

"ಚೆನ್ನಾಗಿರೋ ಗುಂಡಿನ ಯಾಕೆ ಕತ್ತರಿಸ್ತೀರಿ? ನಾನು ನೋಡಿದೀನಿ."

"ನೀವು ವರ್ಷಾ ವರ್ಷಾ ಇಷ್ಟು ಜನಾನ ಕಳಿಸ್ತೀರಿ. ಅಷ್ಟು ಪಾಠಕ್ಕೆ ಕಿತ್ತುಹೋದ ಗುಂಡಿ ಎಲ್ಲಿಂದ ತರ್ಲಿ ಸರ್?"

"ಮತ್ತೆ ಹೋದ ವರ್ಷ? ಕಂಡಕ್ಟರ್ ಪಾಠದ ದಿನ ಡಬ್ಬಿ ಮುಟ್ಟಲಿಲ್ಲವಂತೆ. ಬಸ್ಸು ನಿಲ್ಲಿಸಲಿಲ್ಲ ಅನ್ನೋ ಸಿಟ್ಟು ತಾನೆ?"

"ಯಾವ ಬಸ್ಸು?" ಎಂದರು ಟೀಚರು. ಆಮೇಲೆ, "ಹಿಂದಿನ ಸಾಹೇಬ್ರಿಗೆ ಅವತ್ತು ತಲೆನೋವು. ಶಬ್ದ ಮಾಡಬೇಡಿ, ಪಾಠ ನೋಡಿ ಅಂದ್ರು. ನೋಡ್ದೆ. ಪಾಪ, ಅವನು ಬಿದ್ದುಹೋದ."

ಉತ್ತರ ತೀರ ಸರಳವಾಗಿತ್ತು. ಅದೇ ಮೇಷ್ಟ್ರಿಗೆ ಸರಿಬರಲಿಲ್ಲ. ಇಷ್ಟು ಸರಳವಾದದ್ದರ ಹಿಂದೆ ಏನಾದರೂ ಇರಲೇಬೇಕು. ಇವರು ಹೇಳುವಂತೆ ಬರೀ ತಲೆ ಬಗ್ಗಿಸಿ ಕೂತಿದ್ದರೆಂದು ಹೇಗೆ ನಂಬುವುದು? ಇಷ್ಟು ವರ್ಷ, ಇಷ್ಟು ಜನ ಮರಿ ಮೇಷ್ಟ್ರುಗಳು ಇವರ ಮುಂದೆ ನಿಂತು ತಡವರಿಸಿ, ಎದ್ದು, ಬಿದ್ದು ಹೋಗಿದ್ದಾರೆ. ವಿಶ್ವವಿದ್ಯಾಲಯಕ್ಕೂ ಗೊತ್ತಿಲ್ಲದ ಯಾವುದೋ ಗುಟ್ಟು ಈ ಕುರ್ಚಿಗೆ ಗೊತ್ತಿರಬೇಕು. ಈ ಹೆಂಗಸು ಮುಚ್ಚಿಡುತ್ತಿದ್ದಾರೆ.

ಮೇಷ್ಟ್ರು ಬೆಂಚಿನಿಂದ ಎಡಗಾಲು ಮೊದಲು ತೆಗೆದು ಹೊರಬಂದು, ಟೀಚರ ಕುರ್ಚಿಯ ಪಕ್ಕ ನಿಂತು, ದನಿ ತಗ್ಗಿಸಿ ಕೇಳಿದರು:

"ಯಾರಿಗೂ ಹೇಳಲ್ಲ. ನನಗೊಬ್ಬನಿಗೆ ಹೇಳಿ ಟೀಚರ್. ಇವನು ಒಳ್ಳೆ ಮೇಷ್ಟ್ರಾಗ್ತಾನೆ, ಇವನು ಆಗಲ್ಲ ಅಂತ ಪಾಠ ನೋಡಿದ್ರೆ ನಿಮಗೆ ಗೊತ್ತಾಗಿಬಿಡುತ್ತೆ ಅಲ್ವಾ?"

ಟೀಚರು ನೀಲಿ ಅಂಗಿಯನ್ನು ಮಡಿಲಿಗೆ ಎಳೆದುಕೊಂಡು, ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದರು.

"ನೋಡಿದ್ರೆ ಗೊತ್ತಾಗ್ತಿತ್ತೇನೋ ಸರ್. ನಾನು ಗುಂಡಿ ಹೊಲೀತಿದ್ದೆ."